‘ನಿನ್ನ ಕೈಲಿ ಆಗುತ್ತೆ’ ಅಂದರೂ ಮಗಳಿಗೆ ಯಾಕೆ ನಾಟುತ್ತಿಲ್ಲ?

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ಹತ್ತನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದಳು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 561 ಬಂತು. ಸೈನ್ಸ್ ಬೇಕು ಅಂತ ಅವಳೇ ಹೇಳಿದಳು, ಸೇರಿಸಿದೆವು. ಈಗ ಮೊದಲ ಪಿಯುಸಿ, ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ 50ಕ್ಕೆ 9 ಬಂದಿದೆ. ಅವತ್ತಿನಿಂದ ‘ನನ್ನ ಕೈಲಿ ಆಗಲ್ಲ’ ಅಂತ ಒಂದೇ ಮಾತು. ನಾವು ದಿನಾ ‘ನೀನು ಜಾಣೆ, ನಿನ್ನ ಕೈಲಿ ಆಗೇ ಆಗುತ್ತೆ’ ಅಂತ ಧೈರ್ಯ ಹೇಳುತ್ತೇವೆ. ಹೇಳಿದಷ್ಟೂ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಾಳೆ. ಅವಳ ಸೋದರತ್ತೆ ‘ಕನ್ನಡ ಮೀಡಿಯಂ ಹುಡುಗಿಗೆ ಸೈನ್ಸ್ ಯಾಕೆ ಬೇಕಿತ್ತು’ ಅಂತಾರೆ. ಪ್ರೋತ್ಸಾಹ ಕೊಟ್ಟರೆ ಮಕ್ಕಳು ಮೇಲೆ ಬರುತ್ತಾರೆ ಅಂತ ಎಲ್ಲರೂ ಹೇಳುತ್ತಾರಲ್ಲ, ನಮ್ಮ ಮನೆಯಲ್ಲಿ ಯಾಕೆ ಆಗುತ್ತಿಲ್ಲ? ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಹೇಳಿದಷ್ಟೂ ಎದ್ದು ಹೋಗುತ್ತಾಳೆ’ ಅಂದಿದ್ದೀರಲ್ಲ, ಅಲ್ಲೇ ನನ್ನ ಕಣ್ಣು ನಿಂತಿತು. ಅದನ್ನು ಹಟ ಅಂದುಕೊಳ್ಳಬೇಡಿ. ಒಂದು ಕ್ಷಣ ಅವಳ ಜಾಗದಲ್ಲಿ ಕೂತು ನೋಡಿ. ಕೈಯಲ್ಲಿ ಕೆಂಪು ಶಾಯಿಯಲ್ಲಿ 9 ಅಂತ ಬರೆದ ಪೇಪರ್ ಇದೆ. ಎದುರಿಗೆ ಅಮ್ಮ ‘ನೀನು ಜಾಣೆ’ ಅನ್ನುತ್ತಿದ್ದಾಳೆ. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ? ಪೇಪರ್ ಕಣ್ಣೆದುರಿಗೇ ಇದೆ, ಅದನ್ನು ಅಲ್ಲಗಳೆಯೋಕೆ ಆಗಲ್ಲ. ಹಾಗಾದರೆ ಅಮ್ಮ ಸುಮ್ನೆ ಸಮಾಧಾನಕ್ಕೆ ಹೇಳುತ್ತಿದ್ದಾಳೆ, ನನ್ನ ಕಷ್ಟ ಅವಳಿಗೆ ಗೊತ್ತಾಗಿಲ್ಲ ಅಂತ ಹುಡುಗಿ ತೀರ್ಮಾನ ಮಾಡಿಕೊಳ್ಳುತ್ತಾಳೆ. ಅದಕ್ಕೇ ಎದ್ದು ಹೋಗುತ್ತಾಳೆ.

ನೀವು ಕೇಳಿದ್ದಕ್ಕೆ ನೇರ ಉತ್ತರ ಕೊಡುತ್ತೇನೆ. ಪ್ರೋತ್ಸಾಹ ಖಂಡಿತ ಕೆಲಸ ಮಾಡುತ್ತದೆ. ಆದರೆ ಪ್ರೋತ್ಸಾಹ ಅಂದರೆ ಧೈರ್ಯದ ಮಾತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಮಾತು ಅದರಲ್ಲಿ ಒಂದು ಪಾಲು ಅಷ್ಟೇ, ಅದೂ ಬಲ ಕಡಿಮೆ ಇರುವ ಪಾಲು. ಆಲ್ಬರ್ಟ್ ಬಂಡೂರ ಅಂತ ಒಬ್ಬ ದೊಡ್ಡ ಮನಶ್ಶಾಸ್ತ್ರಜ್ಞರಿದ್ದರು. ‘ಈ ಕೆಲಸ ನನ್ನ ಕೈಲಿ ಆಗುತ್ತೆ’ ಅನ್ನುವ ನಂಬಿಕೆ ಮನುಷ್ಯರಿಗೆ ಎಲ್ಲಿಂದ ಬರುತ್ತದೆ ಅಂತ ಅವರು 1977ರಲ್ಲಿ ವಿಂಗಡಿಸಿ ಬರೆದರು. ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವಂತ ಕೈಯಲ್ಲಿ ಮಾಡಿ ಮುಗಿಸಿದ ಅನುಭವ. ಆಮೇಲೆ, ತನ್ನಂಥವರೇ ಒಬ್ಬರು ಅದನ್ನು ಮಾಡಿದ್ದನ್ನು ಕಣ್ಣಾರೆ ನೋಡುವುದು. ಅದಾದ ಮೇಲೆ ಬೇರೆಯವರು ಹೇಳುವ ಧೈರ್ಯದ ಮಾತು. ಕೊನೆಗೆ ಮೈಮನಸ್ಸಿನ ಸ್ಥಿತಿ: ಎದೆ ಡವಡವ ಅನ್ನುತ್ತಿದ್ದರೆ, ಕೈ ಬೆವರುತ್ತಿದ್ದರೆ ‘ಆಗಲ್ಲ’ ಅಂತಲೇ ಅನಿಸುತ್ತದೆ. ಬರೀ ಮಾತಿನಿಂದ ಹುಟ್ಟಿದ ನಂಬಿಕೆ ಒಂದು ಸೋಲು ಎದುರಾದರೆ ಕುಸಿದುಬಿಡುತ್ತದೆ ಅಂತಲೂ ಬಂಡೂರ ಹೇಳಿದ್ದರು. ನಿಮ್ಮ ಮನೆಯಲ್ಲಿ ಆಗಿರುವುದು ಇದೇ.

ಇದು ನಿಮಗೆ ನಿಮ್ಮ ಕೆಲಸದಿಂದಲೇ ಗೊತ್ತಿರಬೇಕು. ನನ್ನ ಅಕ್ಕನೂ ಹೊಲಿಗೆಯವಳೇ. ಅವಳು ಕಲಿತದ್ದು ನಮ್ಮ ಬೀದಿಯ ಒಬ್ಬ ಟೈಲರಮ್ಮನ ಹತ್ತಿರ. ತಿಂಗಳುಗಟ್ಟಲೆ ಹುಕ್ಸ್ ಹಚ್ಚುವುದು, ಎಮ್ಮಿಂಗ್ ಮಾಡುವುದು, ತಪ್ಪು ಹೊಲಿಗೆ ಬಿಚ್ಚುವುದು. ಆಮೇಲೆ ಲಂಗ ಹೊಲಿಯೋಕೆ ಮೆಷಿನ್ ಮೇಲೆ ಕೂರಿಸಿದರು. ಕತ್ತರಿ ಮಾತ್ರ ಮುಟ್ಟುವ ಹಾಗಿರಲಿಲ್ಲ. ಒಂದು ದಿನ ಆ ಟೈಲರಮ್ಮ ಗಿರಾಕಿಯೊಬ್ಬರ ರೇಷ್ಮೆ ಸೀರೆಯ ಬ್ಲೌಸ್ ಪೀಸನ್ನು ಅಕ್ಕನ ಮುಂದೆ ಹಾಸಿದರು. ಪಕ್ಕದಲ್ಲಿ ಅಳತೆ ಬ್ಲೌಸ್ ಇಟ್ಟರು, ಕತ್ತರಿ ಇಟ್ಟರು. ‘ಕಟ್ ಮಾಡಿಡು’ ಅಂತ ಹೇಳಿ ಒಳಗೆ ಹೋಗಿಬಿಟ್ಟರು. ಸೀರೆಯ ಜೊತೆ ಬಂದ ಪೀಸ್ ಅದು. ತಪ್ಪಿದರೆ ಬೇರೆ ತರೋಕೆ ಆಗಲ್ಲ. ಅಕ್ಕ ಸೀಮೆಸುಣ್ಣದ ಗೆರೆಯನ್ನು ಮೂರು ಸಲ ಅಳೆದಳು. ಕಂಕುಳಿನ ಹತ್ತಿರ ಅರ್ಧ ಇಂಚು ಜಾಸ್ತಿ ಬಿಟ್ಟಳು, ಆಮೇಲೆ ಕತ್ತರಿ ಹಾಕಿದಳು. ಆ ಟೈಲರಮ್ಮ ಯಾವತ್ತೂ ಅಕ್ಕನಿಗೆ ‘ನೀನು ಜಾಣೆ’ ಅಂದವರಲ್ಲ. ಆದರೆ ರೇಷ್ಮೆ ಬಟ್ಟೆ ಕೊಟ್ಟು, ಹಿಂದೆ ನಿಂತು ನೋಡದೆ ಒಳಗೆ ಹೋದರಲ್ಲ, ಅದನ್ನು ಅಕ್ಕ ಇವತ್ತಿಗೂ ಹೇಳುತ್ತಾಳೆ. ನಿಮಗೂ ಅಂಥ ಒಂದು ದಿನ ಇದ್ದೇ ಇರುತ್ತದೆ. ಮಗಳಿಗೆ ಒಮ್ಮೆ ಅದನ್ನು ಹೇಳಿ.

ಆ ಟೈಲರಮ್ಮ ಮೊದಲ ವಾರವೇ ಕತ್ತರಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತಲೂ ಯೋಚನೆ ಮಾಡಿ. ಬಟ್ಟೆ ಹಾಳಾಗುತ್ತಿತ್ತು, ಅಕ್ಕನ ಧೈರ್ಯವೂ ಹೋಗುತ್ತಿತ್ತು. ಅವಳ ಕೈ ಎಷ್ಟು ಪಳಗಿದೆ ಅಂತ ನೋಡಿಯೇ ಕೊಟ್ಟರು. ನಿರೀಕ್ಷೆಗೆ ಹೀಗೊಂದು ಆಧಾರ ಇರಬೇಕು.

ನಿರೀಕ್ಷೆಯ ಬಗ್ಗೆ ಮಾತು ಬಂದಾಗ ಎಲ್ಲರೂ ಹೇಳುವ ಪ್ರಯೋಗ ಒಂದಿದೆ. ನೀವೂ ಎಲ್ಲಾದರೂ ಕೇಳಿರಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ರೋಸೆಂಥಾಲ್ ಮತ್ತು ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ ಸೇರಿ ಮಾಡಿದ್ದು. 1968ರಲ್ಲಿ ಅದನ್ನು ಪ್ರಕಟಿಸಿದರು. ಆ ಶಾಲೆಯ ಒಂದರಿಂದ ಆರನೇ ಕ್ಲಾಸಿನ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಆಮೇಲೆ ಟೀಚರುಗಳಿಗೆ, ಈ ಈ ಮಕ್ಕಳು ಈ ವರ್ಷ ಚೆನ್ನಾಗಿ ಚಿಗುರುತ್ತಾರೆ ಅಂತ ಒಂದು ಪಟ್ಟಿ ಕೊಟ್ಟರು. ಸುಮಾರು ಐದರಲ್ಲಿ ಒಂದು ಮಗುವಿನ ಹೆಸರು ಅದರಲ್ಲಿತ್ತು. ನಿಜ ಏನೆಂದರೆ ಆ ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಸುಮ್ನೆ ಆರಿಸಿದ್ದರು, ಪರೀಕ್ಷೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ವರ್ಷದ ಕೊನೆಗೆ ಮತ್ತೆ ಪರೀಕ್ಷೆ ಮಾಡಿದಾಗ ಪಟ್ಟಿಯಲ್ಲಿದ್ದ ಮಕ್ಕಳು ಹೆಚ್ಚು ಮುಂದೆ ಬಂದಿದ್ದರು.

ಭಾಷಣಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ಮುಂದಿನದನ್ನೂ ಕೇಳಿ, ನಿಮಗೆ ಬೇಕಾದದ್ದು ಅಲ್ಲೇ ಇದೆ. ದೊಡ್ಡ ವ್ಯತ್ಯಾಸ ಕಂಡದ್ದು ಒಂದನೇ ಮತ್ತು ಎರಡನೇ ಕ್ಲಾಸಿನಲ್ಲಿ ಮಾತ್ರ. ಮೇಲಿನ ಕ್ಲಾಸುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಆ ಪ್ರಯೋಗದ ಅಳತೆ ಸರಿಯಿಲ್ಲ ಅಂತ ಬೇರೆ ತಜ್ಞರು ತಕರಾರು ತೆಗೆದರು. ಅಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಸ್ಟೀಫನ್ ರಾಡೆನ್‌ಬುಶ್ ಅನ್ನುವವರು 1984ರಲ್ಲಿ ಲೆಕ್ಕ ಹಾಕಿದರು. ಟೀಚರಿಗೆ ಮಕ್ಕಳ ಪರಿಚಯ ಆಗುವ ಮೊದಲೇ ಪಟ್ಟಿ ಕೊಟ್ಟರೆ ಪರಿಣಾಮ ಕಾಣುತ್ತಿತ್ತು. ಎರಡು ವಾರಕ್ಕಿಂತ ಜಾಸ್ತಿ ಪರಿಚಯ ಆಗಿದ್ದರೆ ಪಟ್ಟಿಯಿಂದ ಏನೂ ಆಗುತ್ತಿರಲಿಲ್ಲ. ಕಣ್ಣಾರೆ ನೋಡಿದ ಮಗುವಿನ ಬಗ್ಗೆ ಬೇರೆಯವರು ಕೊಟ್ಟ ಚೀಟಿಯನ್ನು ಯಾರು ನಂಬುತ್ತಾರೆ, ಅಲ್ವಾ?

ಎರಡೇ ವಾರದ ಪರಿಚಯ ಇದ್ದರೆ ಹೀಗೆ. ನಿಮಗೆ ಮಗಳ ಪರಿಚಯ ಹದಿನಾರು ವರ್ಷದ್ದು. ಇಲ್ಲದ ನಂಬಿಕೆಯನ್ನು ನೀವು ತಂದುಕೊಳ್ಳೋಕೆ ಆಗಲ್ಲ, ಅವಳ ಮುಂದೆ ನಟಿಸೋಕೂ ಆಗಲ್ಲ. ನಿಮ್ಮ ದನಿ ಸ್ವಲ್ಪ ಅಲುಗಾಡಿದರೂ ಅವಳಿಗೆ ತಿಳಿಯುತ್ತದೆ. ಅದಕ್ಕೇ ಮೊದಲು ನಿಮಗೆ ನಿಜವಾಗಿ ನಂಬಿಕೆ ಬರಬೇಕು, ಅದಕ್ಕೆ ಆಧಾರ ಬೇಕು. ಆ ಆಧಾರ ಎಲ್ಲಿದೆ ಗೊತ್ತಾ? ಆ 9 ಬಂದ ಪೇಪರಿನಲ್ಲೇ ಇದೆ.

ನಿಮ್ಮ ಮಗಳಂಥದೇ ಒಬ್ಬಳು ಹುಡುಗಿಯನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. ಕನ್ನಡ ಮೀಡಿಯಂನಿಂದ ಸೈನ್ಸಿಗೆ ಬಂದವಳು. ಅವಳ ಫಿಸಿಕ್ಸ್ ಪೇಪರನ್ನು ಟೇಬಲ್ ಮೇಲೆ ಹರಡಿಕೊಂಡು ಕೂತೆವು. ಒಂದು ಲೆಕ್ಕಕ್ಕೆ ಉತ್ತರದ ಜಾಗ ಪೂರ್ತಿ ಖಾಲಿ. ಪ್ರಶ್ನೆಯನ್ನು ಜೋರಾಗಿ ಓದು ಅಂದೆ. ‘ಎ ಬಾಡಿ ಸ್ಟಾರ್ಟಿಂಗ್ ಫ್ರಮ್ ರೆಸ್ಟ್, ಯೂನಿಫಾರ್ಮ್ ಅಕ್ಸೆಲರೇಷನ್’ ಅಂತ ಓದಿದಳು. ಇದರಲ್ಲಿ ಏನು ಅರ್ಥ ಆಯಿತು ಅಂತ ಕೇಳಿದೆ. ತಲೆ ತಗ್ಗಿಸಿದಳು. ಬಾಡಿ ಅಂದರೆ ಮೈ, ರೆಸ್ಟ್ ಅಂದರೆ ವಿಶ್ರಾಂತಿ, ಯೂನಿಫಾರ್ಮ್ ಅಂದರೆ ಶಾಲೆಯ ಬಟ್ಟೆ. ಅವಳಿಗೆ ಗೊತ್ತಿದ್ದ ಅರ್ಥ ಅಷ್ಟೇ. ಅದನ್ನು ಸೇರಿಸಿದರೆ ಫಿಸಿಕ್ಸ್ ಆಗುವುದಾದರೂ ಹೇಗೆ? ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ: ‘ನಿಶ್ಚಲ ಸ್ಥಿತಿಯಿಂದ ಹೊರಟ ಕಾಯ, ಏಕರೂಪ ವೇಗೋತ್ಕರ್ಷ.’ ಹುಡುಗಿ ತಲೆ ಎತ್ತಿದಳು. ‘ಇದು ಒಂಬತ್ತನೇ ಕ್ಲಾಸಿನ ಚಲನೆ ಪಾಠ ಅಲ್ವಾ ಮೇಡಂ? ವಿ ಈಕ್ವಲ್ ಟು ಯು ಪ್ಲಸ್ ಎಟಿ?’ ಅಂದಳು. ಪೆನ್ನು ತಗೊಂಡು ಐದು ನಿಮಿಷದೊಳಗೆ ಲೆಕ್ಕ ಮುಗಿಸಿದಳು. ಆಮೇಲೆ ಆ ಪೇಪರನ್ನು ಸುಮಾರು ಹೊತ್ತು ನೋಡುತ್ತಾ ಕೂತಳು. ಆ ಮುಖ ನನಗೆ ಇನ್ನೂ ನೆನಪಿದೆ.

ನಿಮ್ಮ ಮಗಳಿಗೆ ಹೀಗೇ ಆಗಿದೆ ಅಂತ ದೂರದಲ್ಲಿ ಕೂತು ಹೇಳೋಕೆ ಆಗಲ್ಲ. ಆದರೆ 561 ತೆಗೆದ ಹುಡುಗಿಗೆ ಎರಡು ತಿಂಗಳಲ್ಲಿ ಬುದ್ಧಿ ಕಡಿಮೆ ಆಗಿರಲ್ಲ. ಪೇಪರ್ ತೆಗೆಯಿರಿ. ನಿಮಗೆ ಫಿಸಿಕ್ಸ್ ಬರಬೇಕಾಗಿಲ್ಲ. ಅವಳೇ ಒಂದೊಂದು ಪ್ರಶ್ನೆಯ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಲಿ. ಪಾಠವೇ ಬರಲಿಲ್ಲ ಅನ್ನುವುದಕ್ಕೆ ‘ಪ’, ಇಂಗ್ಲಿಷ್ ಪದ ಗೊತ್ತಾಗಲಿಲ್ಲ ಅನ್ನುವುದಕ್ಕೆ ‘ಇ’, ಟೈಮ್ ಸಾಲಲಿಲ್ಲ ಅನ್ನುವುದಕ್ಕೆ ‘ಟ’. ‘ಇ’ ಗುರುತು ಎಷ್ಟಿವೆ ಅಂತ ಎಣಿಸಿ. ಜಾಸ್ತಿ ಇದ್ದರೆ ಅವಳಿಗೆ ಹೇಳೋಕೆ ನಿಮ್ಮ ಹತ್ತಿರ ಒಂದು ನಿಜವಾದ ಮಾತು ಸಿಕ್ಕಿತು. ‘ನೋಡು ಮಗಳೇ, ಫಿಸಿಕ್ಸ್ ನಿನಗೆ ಬರುತ್ತೆ. ಫಿಸಿಕ್ಸಿನ ಇಂಗ್ಲಿಷ್ ಇನ್ನೂ ಬಂದಿಲ್ಲ. ಅದನ್ನು ಕಲಿಯೋಣ.’ ಈ ಮಾತು ಕೇಳಿ ಅವಳು ಎದ್ದು ಹೋಗಲ್ಲ. ಪೇಪರೂ ಅದನ್ನೇ ಹೇಳುತ್ತಿದೆಯಲ್ಲ.

ಒಂದುವೇಳೆ ‘ಪ’ ಗುರುತೇ ಜಾಸ್ತಿ ಬಂದರೆ ಅದನ್ನೂ ಮುಚ್ಚಿಡಬೇಡಿ. ಯಾವ ಪಾಠ ಅಂತ ಹೆಸರು ಬರೆಯಿರಿ. ‘ನನಗೆ ಏನೂ ಬರಲ್ಲ’ ಅನ್ನುವುದಕ್ಕೂ ‘ನನಗೆ ಈ ಎರಡು ಪಾಠ ಬರಲ್ಲ’ ಅನ್ನುವುದಕ್ಕೂ ಬಹಳ ಅಂತರ ಇದೆ.

ಆಮೇಲೆ ಒಂದು ನೋಟ್‌ಬುಕ್ ಮಾಡಿಸಿ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅವಳಿಗೆ ಮೊದಲೇ ಗೊತ್ತಿರುವ ಕನ್ನಡ ಪದ. ಸ್ಪೀಡ್ ಅಂದರೆ ಜವ, ವೆಲಾಸಿಟಿ ಅಂದರೆ ವೇಗ, ಡಿಸ್‌ಪ್ಲೇಸ್‌ಮೆಂಟ್ ಅಂದರೆ ಸ್ಥಾನಪಲ್ಲಟ, ಮೊಮೆಂಟಮ್ ಅಂದರೆ ಸಂವೇಗ, ಇನರ್ಷಿಯಾ ಅಂದರೆ ಜಡತ್ವ. ಬಯಾಲಜಿಗೆ ಬಂದರೆ ಫೋಟೋಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ. ದಿನಕ್ಕೆ ಹತ್ತು ಪದ ಸಾಕು. ಒಂಬತ್ತು ಮತ್ತು ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕಗಳನ್ನು ರದ್ದಿಗೆ ಹಾಕಿಲ್ಲ ತಾನೇ? ಪಕ್ಕದಲ್ಲೇ ಇಟ್ಟುಕೊಳ್ಳಲಿ. ಬಲಗಡೆಯ ಸಾಲು ತುಂಬುತ್ತಾ ಹೋದ ಹಾಗೆ ತನಗೆ ಎಷ್ಟು ಗೊತ್ತಿದೆ ಅಂತ ಅವಳ ಕಣ್ಣಿಗೇ ಕಾಣುತ್ತದೆ. ಬಂಡೂರ ಹೇಳಿದ ಮೊದಲನೆಯ ದಾರಿ ಇದೇ. ದೊಡ್ಡ ಗೆಲುವಿಗೆ ಕಾಯಬೇಕಾಗಿಲ್ಲ. ಇವತ್ತು ಸಂಜೆ ಹತ್ತು ಪದ ಆದರೆ ಅದೂ ಕೈಯಲ್ಲಿ ಮಾಡಿ ಮುಗಿಸಿದ್ದೇ.

ಇಲ್ಲಿ ನನಗೆ ಉತ್ತರಕುಮಾರನ ಕಥೆ ನೆನಪಾಗುತ್ತದೆ. ಅವನನ್ನು ಹೆದರುಪುಕ್ಕಲ ಅಂತ ನಾವೆಲ್ಲ ಬೈದುಕೊಂಡೇ ಬೆಳೆದವರು. ‘ಉತ್ತರನ ಪೌರುಷ ಒಲೆ ಮುಂದೆ’ ಅಂತ ಗಾದೆಯೇ ಆಗಿಹೋಗಿದೆ. ಆದರೆ ಆ ಹುಡುಗನ ಸ್ಥಿತಿ ನೋಡಿ. ಯುದ್ಧವನ್ನೇ ಕಾಣದವನು. ಮನೆಯ ಹೆಂಗಸರ ನಡುವೆ ಕೂತು ಹೊಗಳಿಸಿಕೊಂಡು ಬೆಳೆದವನು. ಎದುರಿಗೆ ಭೀಷ್ಮ, ದ್ರೋಣ, ಕರ್ಣರ ಸೈನ್ಯ ಕಂಡಾಗ ರಥದಿಂದ ಹಾರಿ ಓಡಿದ. ಹೊಗಳಿಕೆ ಅಲ್ಲಿಯವರೆಗೆ ಮಾತ್ರ ಕೆಲಸ ಮಾಡಿತ್ತು. ಬೃಹನ್ನಳೆಯ ವೇಷದ ಅರ್ಜುನ ಓಡಿಹೋಗಿ ಅವನನ್ನು ಹಿಡಿದ. ಆಮೇಲೆ ಮಾಡಿದ್ದೇನು? ನೀನು ಮಹಾವೀರ, ಹೋಗಿ ಹೋರಾಡು ಅನ್ನಲಿಲ್ಲ. ಮನೆಗೂ ಕಳಿಸಲಿಲ್ಲ. ಯುದ್ಧ ನಾನು ಮಾಡುತ್ತೇನೆ, ನೀನು ರಥ ನಡೆಸು ಅಂತ ಲಗಾಮು ಅವನ ಕೈಗೆ ಕೊಟ್ಟ. ರಣರಂಗದ ನಡುವೆಯೇ, ಆದರೆ ಅವನ ಕೈಲಿ ಆಗುವ ಕೆಲಸ. ಯುದ್ಧ ಮುಗಿಯುವವರೆಗೂ ಆ ಹುಡುಗ ರಥ ನಡೆಸಿದ. ನಿಮ್ಮ ಮಗಳಿಗೆ ಈಗ ಬೇಕಾಗಿರುವುದು ಅಂಥ ಒಂದು ಲಗಾಮು.

ಹೊಗಳಿಕೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನಾನೇ ಈ ತಪ್ಪು ಮಾಡಿದ್ದೇನೆ. ಟೀಚರ್ ಆಗಿದ್ದ ಮೊದಲ ವರ್ಷಗಳಲ್ಲಿ ಒಬ್ಬ ಹುಡುಗನನ್ನು ಎಲ್ಲರ ಮುಂದೆ ‘ನಮ್ಮ ಕ್ಲಾಸಿನ ಜಾಣ’ ಅಂತ ಕರೆಯುತ್ತಿದ್ದೆ. ಪ್ರೀತಿಯಿಂದಲೇ ಕರೆದದ್ದು. ಒಂದು ಸಲ ಅವನಿಗೆ ಗಣಿತದಲ್ಲಿ ಕಡಿಮೆ ಬಂತು. ಮಾರ್ಕ್ಸ್ ಕಾರ್ಡನ್ನು ಮನೆಗೆ ಕೊಡದೆ ಚೀಲದ ತಳದಲ್ಲಿ ಮಡಚಿ ಇಟ್ಟುಕೊಂಡಿದ್ದ. ಕೇಳಿದರೆ ‘ನೀವು ಬೇಜಾರು ಮಾಡ್ಕೊಳ್ತೀರ ಅಂತ’ ಅಂದ. ಆ ಹೆಸರು ಅವನಿಗೆ ಹೊರೆಯಾಗಿತ್ತು. ಆಮೇಲೆ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಓದಿದಾಗ ಆ ಹುಡುಗನ ಮುಖವೇ ಕಣ್ಣ ಮುಂದೆ ಬಂತು. ಐದನೇ ಕ್ಲಾಸಿನ ಮಕ್ಕಳಲ್ಲಿ ಕೆಲವರಿಗೆ ‘ನೀನು ಬುದ್ಧಿವಂತ’ ಅಂತಲೂ ಕೆಲವರಿಗೆ ‘ನೀನು ಚೆನ್ನಾಗಿ ಶ್ರಮ ಹಾಕಿದ್ದೀಯ’ ಅಂತಲೂ ಹೇಳಿದರು. ಆಮೇಲೆ ಕಷ್ಟದ ಲೆಕ್ಕ ಕೊಟ್ಟು ಸೋಲುವ ಹಾಗೆ ಮಾಡಿದರು. ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳು ಬೇಗ ಕೈಚೆಲ್ಲಿದರು. ಬೇರೆ ಮಕ್ಕಳಿಗೆ ತಮ್ಮ ಅಂಕ ಬರೆದು ತಿಳಿಸಿ ಅಂದಾಗ, ಇದ್ದದ್ದಕ್ಕಿಂತ ಜಾಸ್ತಿ ಬರೆದವರು ಅವರಲ್ಲೇ ಹೆಚ್ಚು.

ಇನ್ನೊಂದು ನೆದರ್ಲೆಂಡ್ಸಿನದ್ದು, 2014ರಲ್ಲಿ ಪ್ರಕಟವಾದದ್ದು. ಎಂಟರಿಂದ ಹನ್ನೆರಡು ವರ್ಷದ 240 ಮಕ್ಕಳು ವ್ಯಾನ್ ಗೋ ಬರೆದ ಕಾಡುಗುಲಾಬಿಯ ಚಿತ್ರವನ್ನು ನೋಡಿ ಬರೆದರು. ಒಬ್ಬ ಚಿತ್ರಕಾರ ನೋಡಿ ಹೇಳಿದ್ದು ಅಂತ ಕೆಲವರಿಗೆ ‘ಚೆನ್ನಾಗಿದೆ’ ಅಂತ ಚೀಟಿ ಕೊಟ್ಟರು. ಕೆಲವರಿಗೆ ‘ಅದ್ಭುತವಾಗಿದೆ’ ಅಂತ ಕೊಟ್ಟರು. ತಮ್ಮ ಮೇಲೆ ನಂಬಿಕೆ ಕಡಿಮೆ ಇದ್ದ ಮಕ್ಕಳು ‘ಅದ್ಭುತ’ ಅನ್ನಿಸಿಕೊಂಡ ಮೇಲೆ ಮುಂದಿನ ಚಿತ್ರಕ್ಕೆ ಸುಲಭದ್ದನ್ನೇ ಆರಿಸಿಕೊಂಡರು. ಇನ್ನೊಮ್ಮೆ ಅದ್ಭುತ ಆಗಿರಬೇಕಲ್ಲ ಅನ್ನುವ ಭಯ. ಕುಗ್ಗಿದ ಮಗುವಿಗೇ ನಾವು ಜಾಸ್ತಿ ಹೊಗಳೋಕೆ ಹೋಗುತ್ತೇವೆ, ಅದು ಸಹಜ. ಆದರೆ ಅದೇ ಮಗುವಿಗೆ ಅದು ಭಾರ. ನಿಮ್ಮ ಮಗಳು ಹತ್ತು ವರ್ಷ ‘ಜಾಣೆ’ ಅನ್ನಿಸಿಕೊಂಡಿದ್ದಾಳೆ. ತಾನು ಜಾಣೆಯೇ ಅಂತ ಅವಳೂ ನಂಬಿದ್ದಳು. ಈಗ ಆ ಹೆಸರು ಕಳೆದುಹೋಯಿತು ಅಂತ ಒಳಗೊಳಗೇ ಅಳುತ್ತಿರಬಹುದು. ಆ ಮಾತನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಕಂಡದ್ದನ್ನು ಹೇಳಿ. ‘ನಿನ್ನೆ ಬರದ ನಾಲ್ಕು ಪದ ಇವತ್ತು ನೋಡದೇ ಹೇಳಿದೆ’ ಅನ್ನಿ. ಅಷ್ಟು ಸಾಕು.

ಮನೆಯಲ್ಲಿ ನಾವು ಗೊತ್ತಿಲ್ಲದೇ ಮಾಡುವ ಇನ್ನೊಂದು ಕೆಲಸ ಇದೆ. ಮಗು ಲೆಕ್ಕ ಹಿಡಿದು ಒದ್ದಾಡುತ್ತಿರುತ್ತದೆ. ನಮಗೆ ನೋಡೋಕೆ ಆಗಲ್ಲ. ‘ಹೋಗ್ಲಿ ಬಿಡು ಪುಟ್ಟಿ, ಊಟ ಮಾಡು ಬಾ’ ಅನ್ನುತ್ತೇವೆ. ಪ್ರೀತಿಯ ಮಾತೇ. ಆದರೆ ಆ ಹೊತ್ತಿನಲ್ಲಿ ಅವಳಿಗೆ ಕೇಳಿಸುವುದು ‘ನಿನ್ನ ಕೈಲಿ ಆಗಲ್ಲ ಅಂತ ಅಮ್ಮನಿಗೂ ಗೊತ್ತು’ ಅಂತ. ಶಾಲೆಗಳಲ್ಲೂ ಇದೇ. ನಾನು ಕ್ಲಾಸಿನ ಹಿಂದೆ ಕೂತಾಗ, ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಮನಸ್ಸಿನಲ್ಲೇ ಎಣಿಸುತ್ತೇನೆ. ಮೇರಿ ಬಡ್ ರೋ ಅನ್ನುವ ಶಿಕ್ಷಣ ತಜ್ಞೆ 1970ರ ದಶಕದಲ್ಲೇ ಇದನ್ನು ಟೇಪ್‌ನಲ್ಲಿ ಹಿಡಿದು ಅಳೆದಿದ್ದರು. ಸರಾಸರಿ ಒಂದು ಸೆಕೆಂಡ್ ಅಷ್ಟೇ. ಅದರಲ್ಲೂ ಜಾಣರು ಅಂದುಕೊಂಡ ಮಕ್ಕಳಿಗೆ ಜಾಸ್ತಿ ಹೊತ್ತು ಕಾಯುತ್ತಿದ್ದರು, ಹಿಂದುಳಿದವರು ಅಂದುಕೊಂಡವರಿಗೆ ಕಡಿಮೆ. ಮೂರು ಸೆಕೆಂಡ್ ಕಾಯಿರಿ ಅಂತ ಟೀಚರುಗಳಿಗೆ ಹೇಳಿಕೊಟ್ಟಾಗ, ಬಾಯಿ ಬಿಡದ ಮಕ್ಕಳೂ ಉತ್ತರ ಹೇಳೋಕೆ ಶುರು ಮಾಡಿದರು. ನಾನು ಸುಮ್ನೆ ಕಾದದ್ದಕ್ಕೇ ಎಷ್ಟೋ ಸಲ ಉತ್ತರ ಬಂದಿದೆ. ಮೂರು ಸೆಕೆಂಡ್ ಅಂದರೆ ಕಮ್ಮಿ ಅನಿಸುತ್ತದೆ, ಕಾಯುವಾಗ ಬಹಳ ಉದ್ದ. ಮಗಳು ಒದ್ದಾಡುವಾಗ ನೀವು ಪಕ್ಕದಲ್ಲಿ ನಿಮ್ಮ ಹೊಲಿಗೆ ಇಟ್ಟುಕೊಂಡು ಸುಮ್ನೆ ಕೂತಿರಿ. ಊಟ ಹತ್ತು ನಿಮಿಷ ತಡ ಆದರೂ ಪರವಾಗಿಲ್ಲ.

ಈಗ ಸೋದರತ್ತೆಯ ಮಾತಿಗೆ ಬರುತ್ತೇನೆ. ಅವರಿಗೂ ನಿಮ್ಮ ಮಗಳ ಮೇಲೆ ಕಾಳಜಿ ಇದ್ದೇ ಇರುತ್ತದೆ. ಆದರೆ ‘ಕನ್ನಡ ಮೀಡಿಯಂ ಹುಡುಗಿಗೆ’ ಅನ್ನುವ ಆ ಒಂದು ಪದ ದೊಡ್ಡ ಪೆಟ್ಟು ಕೊಡುತ್ತದೆ. ಶಲ್ಯ ಕರ್ಣನ ರಥ ಹೊಡೆಯುತ್ತಲೇ ಅವನ ಎದೆಗುಂದಿಸಿದ ಹಾಗೆ, ಪಕ್ಕದಲ್ಲಿದ್ದವರ ಮಾತೇ ಜಾಸ್ತಿ ತಾಗೋದು. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳ ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಬಿಡಿಸೋಕೆ ಕೊಟ್ಟರು. 321 ಮೇಲ್ಜಾತಿಯ ಹುಡುಗರು, 321 ಕೆಳಜಾತಿ ಅನ್ನಿಸಿಕೊಂಡವರ ಮಕ್ಕಳು. ಜಾತಿಯ ಸುದ್ದಿ ಎತ್ತದೇ ಇದ್ದಾಗ ಇಬ್ಬರೂ ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಊರು, ಜಾತಿ ಓದಿ ಹೇಳಿ, ಆಮೇಲೆ ಒಗಟು ಬಿಡಿಸೋಕೆ ಕೂರಿಸಿದಾಗ ಕೆಳಜಾತಿಯ ಮಕ್ಕಳ ಅಂಕ ಸುಮಾರು ಐದನೇ ಒಂದು ಪಾಲು ಕುಸಿಯಿತು. ಅಂಥದೇ ಹುಡುಗರು, ಅಂಥದೇ ತಲೆ. 2004ರಲ್ಲಿ ಈ ವರದಿ ಬಂದಾಗ ಓದಿ ನನಗೆ ಎರಡು ದಿನ ಮನಸ್ಸು ಸರಿ ಇರಲಿಲ್ಲ. ಜಾತಿಯ ಗಾಯ ಬೇರೆ, ಮೀಡಿಯಂನ ಗಾಯ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ‘ನಿಮ್ಮಂಥವರಿಗೆ ಇದು ಆಗಲ್ಲ’ ಅನ್ನುವ ಮಾತು ಮಗುವಿನ ಕೈಯನ್ನು ಹೇಗೆ ಕಟ್ಟಿಹಾಕುತ್ತದೆ ಅಂತ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಸೋದರತ್ತೆಯ ಜೊತೆ ನೀವು ಜಗಳಕ್ಕೆ ಹೋಗಬೇಡಿ. ಮಗಳ ಅಪ್ಪನೇ ತಂಗಿಗೋ ಅಕ್ಕನಿಗೋ ಒಬ್ಬರೇ ಇದ್ದಾಗ ಮೆಲ್ಲಗೆ ಹೇಳಲಿ, ‘ಅವಳ ಮುಂದೆ ಮಾತ್ರ ಆ ಮಾತು ಬೇಡ’ ಅಂತ. ಸಾಧ್ಯವಾದರೆ ಮುಂದಿನ ಸಲ ಅವರು ಬಂದಾಗ ಮಗಳು ಆ ನೋಟ್‌ಬುಕ್ ತೆಗೆದು ಅತ್ತೆಗೆ ನಾಲ್ಕು ಪದ ಹೇಳಿಕೊಡಲಿ.

ಬಂಡೂರ ಹೇಳಿದ ಎರಡನೆಯ ದಾರಿ ನೆನಪಿದೆಯಾ, ತನ್ನಂಥವರೇ ಮಾಡಿದ್ದನ್ನು ನೋಡುವುದು? ಅವಳ ಕಾಲೇಜಿನಲ್ಲೇ ಕನ್ನಡ ಮೀಡಿಯಂನಿಂದ ಬಂದು ಈಗ ಎರಡನೇ ಪಿಯುಸಿ ಓದುತ್ತಿರುವ ಹುಡುಗಿಯನ್ನು ಹುಡುಕಿ. ಟಾಪರ್ ಬೇಡ. ಮೊದಲು ಒದ್ದಾಡಿ ಆಮೇಲೆ ದಾರಿಗೆ ಬಂದವಳು ಬೇಕು. ಅವಳಿಂದ ಭಾಷಣ ಮಾಡಿಸಬೇಡಿ. ‘ಮೊದಲ ಟೆಸ್ಟಿನಲ್ಲಿ ನಿನಗೆ ಎಷ್ಟು ಬಂದಿತ್ತು, ಆಮೇಲೆ ಏನು ಮಾಡಿದೆ’ ಅಂತ ನಿಮ್ಮ ಮಗಳು ಕೇಳಲಿ. ಆ ಹುಡುಗಿ ತನ್ನ ಹಳೆಯ ಪೇಪರನ್ನೇ ತೋರಿಸಿದರೆ ಇನ್ನೂ ಒಳ್ಳೆಯದು.

ಫಿಸಿಕ್ಸ್ ಲೆಕ್ಚರರ್ ಅವರನ್ನೂ ಒಮ್ಮೆ ಕಾಣಿ. ‘ನಮ್ಮ ಹುಡುಗಿಗೆ ಸ್ವಲ್ಪ ಸುಲಭ ಮಾಡಿ ಸರ್’ ಅಂತ ಕೇಳಬೇಡಿ. ‘ಅವಳು ಪದಗಳನ್ನು ಕಲಿಯುತ್ತಿದ್ದಾಳೆ. ತಪ್ಪು ಎಲ್ಲಿದೆ ಅಂತ ಗುರುತು ಮಾಡಿಕೊಡಿ, ತಿದ್ದಿಕೊಳ್ಳುತ್ತಾಳೆ’ ಅನ್ನಿ. ಅಮೆರಿಕದ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳ ಪ್ರಬಂಧಗಳನ್ನು ಟೀಚರುಗಳು ಚೆನ್ನಾಗಿ ತಿದ್ದಿ, ಜೊತೆಗೆ ಒಂದು ಸಾಲಿನ ಚೀಟಿ ಅಂಟಿಸಿದ್ದರು. ‘ನಿನ್ನಿಂದ ನಾನು ಬಹಳ ನಿರೀಕ್ಷೆ ಇಟ್ಟಿದ್ದೇನೆ, ನೀನು ಅಲ್ಲಿಗೆ ಮುಟ್ಟುತ್ತೀಯ ಅಂತ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ’ ಅಂತ ಅದರ ಭಾವ. ಬೇರೆ ಮಕ್ಕಳಿಗೆ ಸುಮ್ನೆ ಒಂದು ಸಾಮಾನ್ಯ ಚೀಟಿ. ಕಪ್ಪು ಜನಾಂಗದ ಮಕ್ಕಳಲ್ಲಿ ಸಾಮಾನ್ಯ ಚೀಟಿ ಸಿಕ್ಕವರ ಪೈಕಿ ಪ್ರಬಂಧ ತಿದ್ದಿ ಬರೆದು ತಂದವರು ನೂರಕ್ಕೆ 17. ಆ ಒಂದು ಸಾಲು ಸಿಕ್ಕವರಲ್ಲಿ 72. ಸಣ್ಣ ಪ್ರಯೋಗ ಅದು, 44 ಮಕ್ಕಳದ್ದು, ಡೇವಿಡ್ ಯೇಗರ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. ಆದರೂ ನನಗೆ ಬಹಳ ಇಷ್ಟ. ಯಾಕೆಂದರೆ ಆ ಟೀಚರುಗಳು ತಪ್ಪನ್ನು ಮುಚ್ಚಲಿಲ್ಲ. ತಿದ್ದಿದ್ದೇ ನಂಬಿಕೆಯ ಗುರುತು ಅಂತ ಮಕ್ಕಳಿಗೆ ಗೊತ್ತಾಗುವ ಹಾಗೆ ಮಾಡಿದರು.

ಸೈನ್ಸ್ ಬಿಡಿಸಿ ಆರ್ಟ್ಸ್‌ಗೆ ಹಾಕೋಣವಾ ಅನ್ನುವ ಪ್ರಶ್ನೆಯೂ ನಿಮ್ಮ ಮನಸ್ಸಿನಲ್ಲಿ ಇರಬಹುದು. ಆರ್ಟ್ಸ್ ಒಳ್ಳೆಯದೇ, ಅದರಲ್ಲಿ ಕೀಳೇನೂ ಇಲ್ಲ. ಆದರೆ ಒಂದು ಟೆಸ್ಟಿನ ಭಯದಲ್ಲಿ ಓಡಿ ಹೋಗಿ ಸೇರಿದರೆ, ಸೈನ್ಸ್ ನನ್ನ ಕೈಲಿ ಆಗಲಿಲ್ಲ ಅನ್ನುವುದು ಅವಳ ಜೊತೆಗೇ ಹೋಗುತ್ತದೆ. ಪದಗಳ ಕೆಲಸ ಸ್ವಲ್ಪ ದಿನ ನಡೆಯಲಿ, ಇನ್ನೊಂದು ಟೆಸ್ಟ್ ಬರೆಯಲಿ. ಆಮೇಲೂ ಅವಳಿಗೆ ಬೇರೆಯೇ ಇಷ್ಟ ಅನಿಸಿದರೆ ಅವಳೇ ಹೇಳಲಿ, ನೀವು ಒಪ್ಪಿಕೊಳ್ಳಿ.

ಒಂದು ಎಚ್ಚರಿಕೆ. ಅವಳು ಊಟ ಬಿಟ್ಟಿದ್ದರೆ, ರಾತ್ರಿ ನಿದ್ದೆ ಇಲ್ಲದೇ ಹೊರಳಾಡುತ್ತಿದ್ದರೆ, ಗೆಳತಿಯರ ಜೊತೆ ಮಾತೇ ನಿಲ್ಲಿಸಿದ್ದರೆ, ‘ನಾನು ಇರಲೇಬಾರದು’ ಅನ್ನುವಂಥ ಮಾತು ಒಮ್ಮೆ ಬಂದರೂ ಇಲ್ಲಿ ಬರೆದದ್ದನ್ನೆಲ್ಲ ಪಕ್ಕಕ್ಕಿಟ್ಟು ತಕ್ಷಣ ಸಹಾಯ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾಗೇನೂ ಇಲ್ಲದಿದ್ದರೆ ಇವತ್ತು ಸಂಜೆಯೇ ಆ ಪೇಪರ್ ಕೇಳಿ. ಬೈಯೋಕೆ ಅಲ್ಲ ಅಂತ ಮೊದಲೇ ಹೇಳಿಬಿಡಿ. ಪೆನ್ಸಿಲ್ ಅವಳ ಕೈಗೇ ಕೊಡಿ. ಗುರುತು ಹಾಕುವಾಗ ತಲೆ ಮೇಲೆ ನಿಲ್ಲಬೇಡಿ, ಮೆಷಿನ್ ಮೇಲೆ ಕೂತು ನಿಮ್ಮ ಕೆಲಸ ಮಾಡುತ್ತಿರಿ. ಎರಡು ವಾರ ಬಿಟ್ಟು ಅದೇ ಪ್ರಶ್ನೆಗಳನ್ನು ಹೊಸ ಹಾಳೆಯಲ್ಲಿ, ಅಷ್ಟೇ ಟೈಮ್ ಇಟ್ಟುಕೊಂಡು ಮತ್ತೆ ಬರೆಯಲಿ. ಎರಡೂ ಹಾಳೆಗಳ ಮೇಲೆ ತಾರೀಖು ಹಾಕಿ ಒಟ್ಟಿಗೆ ಪಿನ್ ಮಾಡಿ ಇಡಿ. ಎರಡನೆಯದರಲ್ಲಿ ಎಷ್ಟು ಬಂತು ಅಂತ ನನಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಸಂತೋಷ.